ಆಫೀಸಿನಲ್ಲಿ ಎಐ: ಕಲಿಸೋದನ್ನು ಹಳಬರಿಂದ ಶುರು ಮಾಡಿ

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿ. ಈ ಕಡೆಯ ಸಣ್ಣ ಕಾರ್ಖಾನೆಗಳ ಆಫೀಸು ಹೇಗಿರುತ್ತೆ ಅಂತ ಗೊತ್ತಲ್ಲ? ಒಬ್ಬ ಅಕೌಂಟೆಂಟ್, ಪರ್ಚೇಸ್ ನೋಡುವವರು ಒಬ್ಬರು, ಸ್ಟೋರ್ಸ್‌ನಲ್ಲಿ ಇಬ್ಬರು, ಡಿಸ್ಪ್ಯಾಚ್‌ಗೆ ಒಬ್ಬರು, ಕೊಟೇಶನ್ ಹಾಕುವ ಒಬ್ಬ ಎಂಜಿನಿಯರ್. ಐಟಿ ವಿಭಾಗ ಅಂತೇನೂ ಇಲ್ಲ. ಕಂಪ್ಯೂಟರ್ ಕೈಕೊಟ್ಟರೆ ಫೋನ್ ಮಾಡಿದಾಗ ಬರುವ ಒಬ್ಬ ಹುಡುಗ ಇರುತ್ತಾನೆ, ಅಷ್ಟೆ.

ಇಂಥ ಆಫೀಸಿಗೆ ಚಾಟ್‌ಜಿಪಿಟಿಯಂಥ ಎಐ ಬರುವ ರೀತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮಾಲೀಕರು ಯಾವುದೋ ಸೆಮಿನಾರಿಗೆ ಹೋಗಿ ಬರುತ್ತಾರೆ. ಸೋಮವಾರ ಎಲ್ಲರನ್ನೂ ಕರೆದು "ಇನ್ಮೇಲೆ ಎಲ್ರೂ ಎಐ ಬಳಸ್ಬೇಕು" ಅನ್ನುತ್ತಾರೆ. ಶನಿವಾರ ಟ್ರೈನರ್ ಒಬ್ಬರು ಬಂದು ಎರಡು ಗಂಟೆ ಸ್ಲೈಡ್ ತೋರಿಸಿ ಹೋಗುತ್ತಾರೆ. ತಿಂಗಳಾದ ಮೇಲೆ ನೋಡಿದರೆ ಹೊಸದಾಗಿ ಸೇರಿದ ಒಬ್ಬ ಹುಡುಗನನ್ನು ಬಿಟ್ಟು ಯಾರೂ ಅದನ್ನು ಮುಟ್ಟಿರುವುದಿಲ್ಲ. "ನಮ್ಮ ಹಳಬರು ಬದಲಾಗಲ್ಲ ಬಿಡಿ" ಅಂತ ಮಾಲೀಕರು ಕೈತೊಳೆದುಕೊಳ್ಳುತ್ತಾರೆ.

ನನಗೆ ಇದು ತಪ್ಪು ತೀರ್ಮಾನ ಅನ್ನಿಸುತ್ತದೆ. ಎಐ ಬರೆದದ್ದರಲ್ಲಿ ಯಾವುದು ಸರಿ, ಯಾವುದು ಬುರುಡೆ ಅಂತ ಹೇಳಬಲ್ಲವರು ಹತ್ತು ಹದಿನೈದು ವರ್ಷ ಆ ಕೆಲಸ ಮಾಡಿದವರೇ. ಅವರು ಹೊರಗೆ ಉಳಿದರೆ ತಪ್ಪು ಹಿಡಿಯುವವರು ಯಾರೂ ಇರುವುದಿಲ್ಲ. ಹಾಗಾಗಿ ಈ ಕೆಲಸ ಅವರನ್ನು ಜೊತೆಗಿಟ್ಟುಕೊಂಡೇ ಶುರುವಾಗಬೇಕು. ಹೇಗೆ ಅನ್ನುವುದನ್ನು ಹಂತಹಂತವಾಗಿ ನೋಡೋಣ.

1. ಮೊದಲು ಕೆಲಸದ ಭಯಕ್ಕೆ ಉತ್ತರ ಕೊಡಿ

ನಿಮ್ಮ ಸಿಬ್ಬಂದಿ ಪೇಪರ್ ಓದುತ್ತಾರೆ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು ಕೈಬಿಡುತ್ತೇವೆ ಅಂದದ್ದು ಎಲ್ಲರಿಗೂ ಗೊತ್ತು. ಎಐನಿಂದ ಕೆಲಸ ಬೇಗ ಆಗುವುದು ಇದಕ್ಕೆ ಕಾರಣ ಅಲ್ಲ ಅಂತ ಕಂಪನಿ ಹೇಳಿತು. ಆದರೂ ಮನೆಮನೆಯಲ್ಲಿ ನಡೆದ ಮಾತು ಬೇರೆಯೇ. ಹೀಗಿರುವಾಗ ನೀವು "ಎಐ ಕಲೀರಿ" ಅಂದರೆ, ಎದುರಿಗಿದ್ದವರ ಕಿವಿಗೆ ಬೀಳುವುದು "ನಿಮ್ಮ ಜಾಗಕ್ಕೆ ಬರೋದನ್ನ ನೀವೇ ತಯಾರು ಮಾಡಿ" ಅಂತ. ಯಾರು ತಾನೇ ಮನಸ್ಸಿಟ್ಟು ಕಲಿಯುತ್ತಾರೆ?

ಅದಕ್ಕೇ ಟ್ರೇನಿಂಗಿಗೆ ಮೊದಲು ಒಂದು ಅರ್ಧ ಗಂಟೆ ಕೂತು ಮಾತಾಡಿ. ಮೂರು ವಿಷಯ ಬಿಡಿಸಿ ಹೇಳಿ. ಯಾವ ಯಾವ ಕೆಲಸದಲ್ಲಿ ಇದನ್ನು ತರಬೇಕು ಅಂತಿದ್ದೀರಿ. ಇದರಿಂದಾಗಿ ಯಾರನ್ನೂ ತೆಗೆಯುವುದಿಲ್ಲ ಅಂತ ಎಷ್ಟು ಕಾಲದ ಮಟ್ಟಿಗೆ ಮಾತು ಕೊಡಬಲ್ಲಿರಿ. ಯಾವುದಕ್ಕೆ ಮಾತು ಕೊಡಲು ನಿಮಗೆ ಆಗುವುದಿಲ್ಲ. ಮೂರನೆಯದನ್ನು ಹೇಳುವುದು ಕಷ್ಟ. ಆದರೆ ಜನ ಮೊದಲೆರಡನ್ನು ನಂಬುವುದು ಮೂರನೆಯದನ್ನೂ ಹೇಳಿದಾಗಲೇ. "ಒಂದು ವರ್ಷ ಯಾರನ್ನೂ ತೆಗೆಯಲ್ಲ. ಆದರೆ ಬಿಟ್ಟು ಹೋದವರ ಜಾಗಕ್ಕೆ ಹೊಸಬರನ್ನು ತಗೊಳ್ತೀನಿ ಅಂತ ಹೇಳಲಾರೆ" ಎನ್ನುವುದು ಪ್ರಾಮಾಣಿಕ ಮಾತು. "ಎಐನಿಂದ ಯಾರಿಗೂ ಏನೂ ಆಗಲ್ಲ" ಎನ್ನುವುದು ಸುಮ್ನೆ ಹೇಳುವ ಮಾತು.

ಕೊಟ್ಟ ಮಾತನ್ನು ಚೀಟಿಯಲ್ಲಿ ಬರೆದು ಕೊಡಿ. ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದಾಗ ನಡೆದದ್ದು ನೆನಪಿದೆಯಾ? 1983ರಲ್ಲಿ ಬ್ಯಾಂಕ್ ಆಡಳಿತಗಳೂ ಯೂನಿಯನ್‌ಗಳೂ ಕೂತು, ಯಂತ್ರ ಎಲ್ಲಿ ಬರಬೇಕು, ಎಷ್ಟು ಬರಬೇಕು ಅನ್ನುವುದನ್ನೇ ಒಪ್ಪಂದ ಮಾಡಿಕೊಂಡಿದ್ದವು. ನಿಧಾನ ಆಯಿತು ನಿಜ. ಆದರೆ ಲೆಡ್ಜರ್ ಬರೆಯುತ್ತಿದ್ದ ಕೈಗಳೇ ಕೀಬೋರ್ಡಿಗೂ ಬಂದವು. ಸರ್ಕಾರಿ ಬ್ಯಾಂಕುಗಳಲ್ಲಿ ದೊಡ್ಡ ಸ್ವಯಂನಿವೃತ್ತಿ ಯೋಜನೆ, ಅಂದರೆ ವಿಆರ್‌ಎಸ್ ಬಂದದ್ದು 2000-01ರ ಹೊತ್ತಿಗೆ.

ಕಾನೂನಿನ ಮಾತೂ ಇದೆ. ಕೆಲಸಗಾರರನ್ನು ತೆಗೆಯುವ ಮಟ್ಟಿಗೆ ಹೋಗುವ ತಾಂತ್ರಿಕ ಬದಲಾವಣೆಗೆ 21 ದಿನ ಮೊದಲು ನೋಟಿಸ್ ಕೊಡಬೇಕು ಅನ್ನುವ ನಿಯಮ ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಕೆಲಸ ಕಳೆದುಕೊಂಡ ಪ್ರತಿ ಕೆಲಸಗಾರನ ಹೆಸರಿನಲ್ಲಿ 15 ದಿನದ ಸಂಬಳವನ್ನು ಮರುತರಬೇತಿ ನಿಧಿಗೆ ಕಟ್ಟಬೇಕು ಅಂತಲೂ ಇದೆ. ನಿಮ್ಮಲ್ಲಿ ಯಾರಿಗೆ ಇದು ಅನ್ವಯ ಅಂತ ಲೇಬರ್ ಕನ್ಸಲ್ಟೆಂಟ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

2. ಒಂದು ವಾರ ಬರೀ ಪಟ್ಟಿ ಮಾಡಿ

ಸಾಫ್ಟ್‌ವೇರ್ ಕೊಳ್ಳಬೇಡಿ, ಇನ್ನೂ. ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್ ಕೊಡಿ. ವಾರವಿಡೀ ಏನೇನು ಟೈಪ್ ಮಾಡಿದೆ, ಯಾವುದನ್ನು ಎರಡೆರಡು ಸಲ ಬರೆದೆ, ಯಾವುದನ್ನು ಹುಡುಕೋಕೆ ಹೊತ್ತು ಹೋಯಿತು, ಯಾವ ಕೆಲಸ ಕಂಡರೆ ಆಗಲ್ಲ. ಇಷ್ಟು ಬರೆದರೆ ಸಾಕು. ಕೊನೆಯ ಪ್ರಶ್ನೆ ಬಿಡಬೇಡಿ.

ಶನಿವಾರ ಎಲ್ಲರೂ ಕೂತು ಆ ಕೆಲಸಗಳನ್ನು ಮೂರು ಗುಂಪು ಮಾಡಿ. ತಪ್ಪಾದರೂ ಕಣ್ಣಿಗೆ ಬೀಳುವ, ನಷ್ಟ ಆಗದ ಕೆಲಸ ಒಂದು ಗುಂಪು: ಬಾಕಿ ಕೇಳುವ ಮೇಲ್, ಮೀಟಿಂಗ್ ಟಿಪ್ಪಣಿ, ನೋಟಿಸ್ ಬೋರ್ಡಿಗೆ ಹಾಕುವ ಸೂಚನೆಯನ್ನು ಕನ್ನಡ-ಹಿಂದಿ ಎರಡರಲ್ಲೂ ಬರೆಯುವುದು, ಎಕ್ಸೆಲ್ ಫಾರ್ಮುಲಾ. ಎಐ ಮೊದಲ ಕರಡು ಮಾಡಿ, ಮನುಷ್ಯರು ಮೂಲ ಕಾಗದ ಪಕ್ಕದಲ್ಲಿಟ್ಟು ತಾಳೆ ನೋಡಬೇಕಾದ್ದು ಇನ್ನೊಂದು: ಕೊಟೇಶನ್, ಮೂರು ಸಪ್ಲೈಯರ್‌ಗಳ ದರ ಹೋಲಿಕೆ, ನಲವತ್ತು ಪುಟದ ಟೆಂಡರಿನ ಸಾರ.

ಮೂರನೆಯದು, ಸದ್ಯಕ್ಕೆ ಎಐ ಕೈಗೆ ಕೊಡಲೇಬಾರದ ಗುಂಪು. ಜಿಎಸ್‌ಟಿ ದರ, ಎಚ್‌ಎಸ್‌ಎನ್ ಕೋಡ್, ಪಿಎಫ್-ಇಎಸ್‌ಐ ಲೆಕ್ಕ, ಡ್ರಾಯಿಂಗಿನ ಅಳತೆ, ಇಲಾಖೆಯ ನೋಟಿಸಿಗೆ ಉತ್ತರ, ಇವೆಲ್ಲ ಇಲ್ಲಿಗೆ ಬರುತ್ತವೆ. ಯಾಕೆ ಅನ್ನುವುದಕ್ಕೆ ಜಿಎಸ್‌ಟಿಯನ್ನೇ ನೋಡಿ. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಸರಕುಗಳಿಗೆ ಶೇ 12 ಮತ್ತು 28ರ ಸ್ಲ್ಯಾಬ್ ಹೋಯಿತು. ಉಳಿದದ್ದು ಮುಖ್ಯವಾಗಿ ಶೇ 5 ಮತ್ತು 18, ಕೆಲವು ಸರಕಿಗೆ 40. ಅದಕ್ಕೆ ಹಿಂದಿನ ಎಂಟು ವರ್ಷ ಜನ ಬರೆದ ಲಕ್ಷಾಂತರ ಪುಟಗಳಲ್ಲಿ ಇರುವುದು ಹಳೆಯ ದರ. ಎಐ ಕಲಿತದ್ದು ಆ ಪುಟಗಳಿಂದ. ಹಾಗಾಗಿ ಹಳೆಯ ದರವನ್ನೇ, ಒಂದಿಷ್ಟೂ ಅನುಮಾನ ಇಲ್ಲದ ಧಾಟಿಯಲ್ಲಿ ಹೇಳಿಬಿಡಬಹುದು. ನಿಮ್ಮ ಅಕೌಂಟೆಂಟ್‌ಗೆ ಇದು ನೋಡಿದ ಕೂಡಲೇ ಗೊತ್ತಾಗುತ್ತೆ. ನಿನ್ನೆ ಸೇರಿದ ಹುಡುಗನಿಗೆ ಗೊತ್ತಾಗಲ್ಲ.

3. ಎಲ್ಲರಿಗೂ ಬೇಡವಾದ ಕೆಲಸ ಯಾವುದು? ಅಲ್ಲಿಂದ ಶುರು

ಮೊದಲ ಪ್ರಯೋಗಕ್ಕೆ ಒಂದೇ ಕೆಲಸ ಆರಿಸಿ. ಅದು ಯಾರಿಗೂ ಇಷ್ಟ ಇಲ್ಲದ ಕೆಲಸವಾಗಿರಲಿ. ಹೆಮ್ಮೆಯಿಂದ ಮಾಡುವ ಕೆಲಸವನ್ನು ಕಿತ್ತುಕೊಂಡರೆ ಮೊದಲ ದಿನವೇ ಮನಸ್ಸು ಮುರಿಯುತ್ತದೆ.

ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಆ ಕೆಲಸ ಸಾಮಾನ್ಯವಾಗಿ ಬಾಕಿ ವಸೂಲಿಯ ಮೇಲ್. ಅದರಲ್ಲೂ ಇಂಗ್ಲಿಷ್ ಮೇಲ್. ಇಲ್ಲೊಂದು ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸ್ಟೋರ್ಸ್, ಪರ್ಚೇಸ್, ಡಿಸ್ಪ್ಯಾಚ್‌ಗಳಲ್ಲಿ ಇರುವ ಎಷ್ಟೋ ಜನ ಕನ್ನಡ ಮೀಡಿಯಂನಲ್ಲಿ ಓದಿದವರು. ಯಾವ ಗ್ರಾಹಕ ಯಾವಾಗ ದುಡ್ಡು ಹಾಕುತ್ತಾನೆ, ಯಾರ ಹತ್ತಿರ ಗಟ್ಟಿಯಾಗಿ ಮಾತಾಡಬೇಕು, ಯಾರ ಹತ್ತಿರ ಮೆತ್ತಗೆ, ಎಲ್ಲವೂ ಅವರಿಗೆ ಬಾಯಿಪಾಠ. ಆದರೆ ಪುಣೆಗೋ ಕೊಯಮತ್ತೂರಿಗೋ ನಾಲ್ಕು ಸಾಲು ಇಂಗ್ಲಿಷ್ ಬರೆಯಬೇಕು ಅಂದಾಗ ಪಕ್ಕದ ಟೇಬಲ್ಲಿನವರನ್ನು ಕೇಳಬೇಕು. ಅದು ದಿನಾ ಆಗುವ ಸಣ್ಣ ಅವಮಾನ. ಎಷ್ಟೋ ಜನಕ್ಕೆ ಬಡ್ತಿ ತಪ್ಪಿರುವುದೂ ಇದರಿಂದಲೇ. ಅಂಥವರು ಹೇಳಬೇಕಾದ್ದನ್ನು ಕನ್ನಡದಲ್ಲೇ ಹೇಳಿ ಒಳ್ಳೆಯ ಇಂಗ್ಲಿಷ್ ಮೇಲ್ ಪಡೆಯಬಹುದು ಅಂತ ಆದಾಗ, ಎಐ ಅವರಿಗೆ ಬೆದರಿಕೆಯಾಗಿ ಕಾಣುವುದಿಲ್ಲ. ನನ್ನ ಪ್ರಕಾರ ಕರ್ನಾಟಕದ ಆಫೀಸುಗಳಲ್ಲಿ ಎಐನ ಮೊದಲ ದೊಡ್ಡ ಉಪಯೋಗ ಇದೇ.

ಕೇಳುವ ರೀತಿ ಕಲಿಸಿ. "ಪೇಮೆಂಟ್ ರಿಮೈಂಡರ್ ಬರಿ" ಅಂದರೆ ಸಪ್ಪೆ ಮೇಲ್ ಬರುತ್ತೆ. ಹೀಗೆ ಕೇಳಲಿ:

"ಪುಣೆಯ ಗ್ರಾಹಕರಿಗೆ ಇಂಗ್ಲಿಷ್‌ನಲ್ಲಿ ಮೇಲ್ ಬೇಕು. ಬಿಲ್ ಮಾರ್ಚ್ 4ರದ್ದು, ಮೊತ್ತ 1,86,000 ರೂಪಾಯಿ. 45 ದಿನ ದಾಟಿದೆ. ಹಳೇ ಗ್ರಾಹಕರು, ಬೇಜಾರು ಮಾಡ್ಕೋಬಾರದು. ಆದರೆ ಈ ವಾರ ದುಡ್ಡು ಬರಲೇಬೇಕು ಅನ್ನೋದು ಗೊತ್ತಾಗಬೇಕು. ಎಂಟು ಸಾಲು ಸಾಕು. ನಾನು ಹೇಳಿರದ ಅಂಕಿ, ದಿನಾಂಕ, ಕಾನೂನಿನ ಹೆಸರು ಯಾವುದನ್ನೂ ಸೇರಿಸಬೇಡ."

ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಗ್ರಾಹಕರ ಹೆಸರು ಇದರಲ್ಲಿ ಇಲ್ಲ, ಗಮನಿಸಿ. ಅದನ್ನು ಕಳಿಸುವ ಮುಂಚೆ ನಾವೇ ತುಂಬುವುದು.

4. ಹಿರಿಯರು ಮತ್ತು ಕಿರಿಯರ ಜೋಡಿ

ಅಮೆರಿಕದ ಒಂದು ಅಧ್ಯಯನ ಇಲ್ಲಿ ಕೆಲಸಕ್ಕೆ ಬರುತ್ತದೆ. ಗ್ರಾಹಕರ ದೂರುಗಳಿಗೆ ಚಾಟ್‌ನಲ್ಲಿ ಉತ್ತರಿಸುವ ಐದು ಸಾವಿರಕ್ಕೂ ಹೆಚ್ಚು ನೌಕರರ ಕೆಲಸವನ್ನು ಅದು ನೋಡಿತು. 2023ರಲ್ಲಿ ಫಲಿತಾಂಶ ಬಂತು. ಎಐ ಸಲಹೆ ಸಿಕ್ಕಿದ ಮೇಲೆ ಕೆಲಸದ ವೇಗ ಸರಾಸರಿ ಶೇ 14ರಷ್ಟು ಏರಿತು. ಹೊಸಬರಲ್ಲಿ ಏರಿದ್ದು ಶೇ 34ರಷ್ಟು. ಅನುಭವಿಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ.

ಇದನ್ನು ಓದಿ "ಹಾಗಾದ್ರೆ ಹೊಸಬರು ಸಾಕು" ಅನ್ನುವವರಿದ್ದಾರೆ. ಯಾಕೆ ಹೀಗಾಯಿತು ಅಂತ ಸಂಶೋಧಕರು ಕೊಟ್ಟ ವಿವರಣೆ ಬೇರೆ. ಆ ಎಐ ಕಲಿತದ್ದು ನುರಿತವರು ಗ್ರಾಹಕರ ಜೊತೆ ಮಾತಾಡಿದ ರೀತಿಯಿಂದ. ಅವರ ಜಾಣ್ಮೆಯೇ ಹೊಸಬರಿಗೆ ಹರಿದು ಬಂತು. ಅಂದರೆ ಅಡುಗೆ ಅಜ್ಜಿಯದು, ಬಡಿಸಿದ್ದು ಯಂತ್ರ. ಅಜ್ಜಿಯನ್ನು ಮನೆಗೆ ಕಳಿಸಿದರೆ ನಾಳೆ ಬಡಿಸುವುದೇನು?

ಹಾಗಾಗಿ ಜೋಡಿ ಮಾಡುವಾಗ ಯಾರು ಯಾರಿಗೆ ಕಲಿಸುತ್ತಾರೆ ಅನ್ನುವುದನ್ನು ಎಚ್ಚರದಿಂದ ಹೇಳಿ. "ಹುಡುಗ ನಿಮಗೆ ಎಐ ಹೇಳಿಕೊಡ್ತಾನೆ" ಅಂತ ಐವತ್ತು ವರ್ಷದವರಿಗೆ ಎಲ್ಲರ ಮುಂದೆ ಹೇಳಿದರೆ ಅಲ್ಲಿಗೆ ಮುಗೀತು. "ಅಣ್ಣ, ನಮ್ಮ ಕೊಟೇಶನ್ ಎಲ್ಲಿ ಎಡವುತ್ತೆ ಅಂತ ನಿಮಗೆ ಗೊತ್ತು. ಇದು ಬರೆದಿದ್ದರಲ್ಲಿ ತಪ್ಪು ಹುಡುಕಿ ಕೊಡಿ, ಇವನು ಟೈಪ್ ಮಾಡ್ತಾನೆ" ಅನ್ನಿ. ಪ್ರಶ್ನೆ ಹಿರಿಯರದು, ಬೆರಳು ಕಿರಿಯರದು. ಎರಡು ಮೂರು ವಾರದಲ್ಲಿ ಹಿರಿಯರೇ ಕೀಬೋರ್ಡ್ ಎಳೆದುಕೊಂಡರೆ ಒಳ್ಳೆಯದು. ಎಳೆದುಕೊಳ್ಳದಿದ್ದರೂ ಏನೂ ಮುಳುಗಲ್ಲ.

ಇನ್ನೊಂದು: ಹಿರಿಯರು ಹೇಳಿದ್ದನ್ನು ಬರೆದಿಟ್ಟು ಆಫೀಸಿನ ಮಾದರಿ ಪತ್ರ, ಚೆಕ್‌ಲಿಸ್ಟ್ ಮಾಡಿದರೆ ಅದರ ಮೇಲೆ ಅವರ ಹೆಸರು ಇರಲಿ. ಸಂಬಳ ಏರಿಸುವಾಗಲೂ ಅದು ಲೆಕ್ಕಕ್ಕೆ ಬರಲಿ. ಬಾಯಿಮಾತಿನ ಶಹಭಾಸ್‌ಗಿರಿಗೆ ಯಾರೂ ಹದಿನೈದು ವರ್ಷದ ಗುಟ್ಟು ಬಿಟ್ಟುಕೊಡಲ್ಲ.

5. ನುಡಿ ಫೈಲುಗಳ ತಾಪತ್ರಯ

ಇದು ಹಳೆಯ ಕನ್ನಡ ಫೈಲು ಇರುವವರಿಗೆ ಬರುವ ಸಮಸ್ಯೆ, ಹಾಗಾಗಿ ಹೊರಗಿನ ಟ್ರೈನರ್ ಹೇಳಲ್ಲ. ಆಫೀಸಿನ ಹಳೆಯ ಕನ್ನಡ ಪತ್ರಗಳು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಇದ್ದರೆ, ಅವನ್ನು ನೇರವಾಗಿ ಎಐಗೆ ಅಂಟಿಸಿದಾಗ ಅದಕ್ಕೆ ಕಾಣುವುದು ಕನ್ನಡವಲ್ಲ. ತಲೆಬುಡ ಇಲ್ಲದ ರೋಮನ್ ಅಕ್ಷರಗಳ ರಾಶಿ. ನಮ್ಮ ಸ್ಕ್ರೀನಿನಲ್ಲಿ ಫಾಂಟ್ ಅದನ್ನು ಕನ್ನಡದಂತೆ ತೋರಿಸುತ್ತದೆ, ಅಷ್ಟೆ. ಎಐ ಏನೋ ಊಹಿಸಿ ಉತ್ತರ ಕೊಟ್ಟಾಗ ನಮ್ಮವರು "ಇದಕ್ಕೆ ಕನ್ನಡ ಬರಲ್ಲ" ಅಂತ ಬಿಟ್ಟುಬಿಡುತ್ತಾರೆ.

ಮೊದಲು ಅವನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ತಿಳಿಯುವ ಅಕ್ಷರಕ್ಕೆ, ಬದಲಾಯಿಸಿ. ಅದಕ್ಕೆ ಪುಕ್ಕಟೆ ಪರಿವರ್ತಕಗಳು ಇವೆ. ಬದಲಾದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಇವೆಯಾ ಅಂತ ಒಮ್ಮೆ ಕಣ್ಣಾಡಿಸಿ. ಟೈಪಿಂಗ್ ಬಾರದವರು ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಬರೆಸಬಹುದು. ಆದರೆ ಮೆಷಿನ್ ಸದ್ದಿನ ಪಕ್ಕ ನಿಂತು ಬೇಡ. ಇನ್ನು ಎಐ ಬರೆಯುವ ಕನ್ನಡ ಸಾಮಾನ್ಯವಾಗಿ ತಾಲೂಕು ಕಚೇರಿಯ ಸುತ್ತೋಲೆ ಥರ ಇರುತ್ತೆ. "ನಮ್ಮ ಹೆಲ್ಪರ್‌ಗಳಿಗೆ ಅರ್ಥ ಆಗೋ ಮಾತಲ್ಲಿ, ಸಣ್ಣ ಸಣ್ಣ ವಾಕ್ಯದಲ್ಲಿ" ಅಂತ ಹೇಳಿ ಮತ್ತೆ ಬರೆಸಿ.

6. ಒಂದೇ ಪುಟದ ನಿಯಮ

ನಿಮಗೆ ಗೊತ್ತಿರಲಿ, ಗೊತ್ತಿಲ್ಲದಿರಲಿ, ನಿಮ್ಮಲ್ಲಿ ಕೆಲವರು ಆಗಲೇ ಬಳಸುತ್ತಿದ್ದಾರೆ. 2025ರ ಜುಲೈನಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್ಪ್ಲೆಕ್ಸಿಟಿ ಎಂಬ ಎಐನ ದುಬಾರಿ ಆವೃತ್ತಿಯನ್ನು ವರ್ಷದ ಮಟ್ಟಿಗೆ ಪುಕ್ಕಟೆ ಕೊಟ್ಟಿತು. ಎಐ ಅಂದರೆ ಈಗ ಜೇಬಿನಲ್ಲೇ ಇದೆ. ಹಾಗಾಗಿ ನಿಯಮ ಮಾಡುವ ಮೊದಲು ಕೇಳಿ: "ಯಾರ್ಯಾರು ಯಾವುದಕ್ಕೆ ಬಳಸ್ತಿದ್ದೀರಿ? ಬೈಯಲ್ಲ, ಹೇಳಿ." ಬೈಯಲ್ಲ ಅಂದ ಮೇಲೆ ಬೈಯಬೇಡಿ.

ಎಐಗೆ ಅಂಟಿಸಬಾರದ್ದನ್ನು ಹೆಸರಿಟ್ಟು ಬರೆಯಿರಿ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಸಂಬಳದ ಪಟ್ಟಿ, ನೌಕರರ ವೈದ್ಯಕೀಯ ಚೀಟಿ, ಗ್ರಾಹಕರ ಡ್ರಾಯಿಂಗ್, ದರದ ಒಪ್ಪಂದ. "ಗೌಪ್ಯ ಮಾಹಿತಿ" ಅಂತ ಒಂದೇ ಪದ ಬರೆದರೆ ಯಾರಿಗೂ ಏನೂ ಹೊಳೆಯಲ್ಲ. 2023ರಲ್ಲಿ ಸ್ಯಾಮ್‌ಸಂಗ್‌ನ ಎಂಜಿನಿಯರುಗಳು ಕಂಪನಿಯ ಕೋಡ್ ಅನ್ನು ಚಾಟ್‌ಜಿಪಿಟಿಗೆ ಅಂಟಿಸಿದ್ದರು. ಅವರಿಗೇನು ಕಂಪ್ಯೂಟರ್ ಗೊತ್ತಿರಲಿಲ್ಲವೇ? ಕೆಲಸದ ಒತ್ತಡದಲ್ಲಿ ಆಗಿಹೋಯಿತು. ಕಂಪನಿ ಆ ಸಾಧನಗಳನ್ನೇ ನಿಷೇಧಿಸಿತು. 2025ರ ಜನವರಿಯಲ್ಲಿ ನಮ್ಮ ಕೇಂದ್ರ ಹಣಕಾಸು ಸಚಿವಾಲಯವೂ ಆಫೀಸಿನ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವು ಬೇಡ ಅಂತ ತನ್ನ ಸಿಬ್ಬಂದಿಗೆ ಸೂಚಿಸಿತು.

ಸಣ್ಣ ಆಫೀಸಿನಲ್ಲಿ ನಿಷೇಧ ನಡೆಯಲ್ಲ, ಬಳಕೆ ಫೋನಿಗೆ ಹೋಗುತ್ತೆ ಅಷ್ಟೆ. ಕಂಪನಿ ಹೆಸರಿನಲ್ಲೇ ಒಂದೆರಡು ಖಾತೆ ತೆಗೆಸಿ. ನೀವು ಬರೆದದ್ದನ್ನು ಎಐ ಕಂಪನಿ ತನ್ನ ಎಐಗೆ ಕಲಿಸಲು ಬಳಸದಂತೆ ಸೆಟಿಂಗ್‌ನಲ್ಲಿ ಆಫ್ ಮಾಡಿಸಿ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲೇ ಕಾಯ್ದೆ ಬಂದಿದೆ, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಪ್ರಕಟವಾಗಿವೆ. ಮಾಹಿತಿ ಕಾಪಾಡದೆ ಸೋರಿಕೆಯಾದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಗೋಡೆಗೆ ಅಂಟಿಸುವ ಪುಟದಲ್ಲಿ ಈ ಅಂಕಿ ದೊಡ್ಡದಾಗಿ ಇರಲಿ.

7. ತಪ್ಪು ಹಿಡಿಯುವ ಅಭ್ಯಾಸ

ಟ್ರೇನಿಂಗಿಗೆ ಇಟ್ಟ ಸಮಯದಲ್ಲಿ ಮುಕ್ಕಾಲು ಪಾಲು ಇದಕ್ಕೇ ಹೋಗಬೇಕು. ಎಐನಿಂದ ಬರೆಸುವುದನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ. ಬರೆದದ್ದನ್ನು ಅನುಮಾನಿಸುವುದು ಅಷ್ಟು ಸುಲಭ ಅಲ್ಲ, ಯಾಕೆಂದರೆ ತಪ್ಪೂ ಸರಿಯಂತೆಯೇ ನಯವಾಗಿ ಬಂದಿರುತ್ತದೆ. 2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಒಂದು ಆದೇಶದಲ್ಲಿ ಇಲ್ಲವೇ ಇಲ್ಲದ ತೀರ್ಪುಗಳ ಉಲ್ಲೇಖ ಸೇರಿಕೊಂಡಿತ್ತು. ಆದೇಶವನ್ನು ವಾಪಸ್ ಪಡೆಯಬೇಕಾಯಿತು. ಎಐ ಬಳಸಿದ್ದರಿಂದ ಆದ ಎಡವಟ್ಟು ಇರಬೇಕು ಅಂತ ಪತ್ರಿಕೆಗಳು ಬರೆದವು. ಅದಕ್ಕೂ ಮುಂಚೆ 2023ರಲ್ಲಿ ನ್ಯೂಯಾರ್ಕಿನ ವಕೀಲರು ಇಂಥದ್ದೇ ಕೆಲಸಕ್ಕೆ 5,000 ಡಾಲರ್ ದಂಡ ಕಟ್ಟಿದ್ದರು. ಕಾನೂನು ಓದಿದವರ ಕಣ್ಣನ್ನೇ ತಪ್ಪಿಸಿದ ಮೇಲೆ ಡಿಸ್ಪ್ಯಾಚ್ ಕ್ಲರ್ಕ್‌ನ ಕಣ್ಣನ್ನು ತಪ್ಪಿಸಲ್ವಾ?

ಒಂದು ಆಟ ಆಡಿಸಿ. ಎಐನಿಂದ ಒಂದು ಕೊಟೇಶನ್ ಬರೆಸಿ, ಅದರಲ್ಲಿ ನೀವೇ ಮೂರು ತಪ್ಪು ಸೇರಿಸಿ. ಒಂದು ಕೂಡುವ ಲೆಕ್ಕದ್ದು, ಒಂದು ಡೆಲಿವರಿ ದಿನಾಂಕದ್ದು, ಒಂದು ನಾವು ಯಾವತ್ತೂ ಒಪ್ಪದ ಷರತ್ತು. ಹದಿನೈದು ನಿಮಿಷ ಕೊಡಿ. ಯಾರು ಯಾವುದನ್ನು ಹಿಡಿದರು, ಹೇಗೆ ಹಿಡಿದರು ಅಂತ ಅವರ ಬಾಯಿಂದಲೇ ಹೇಳಿಸಿ. ಹದಿನೈದು ದಿನಕ್ಕೊಮ್ಮೆ ಆಡಿದರೂ ಸಾಕು. ಈ ಆಟದಲ್ಲಿ ಸಾಮಾನ್ಯವಾಗಿ ಗೆಲ್ಲುವವರು ಯಾರು ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಜವಾಬ್ದಾರಿಯ ವಿಷಯ ಮುಂಚೆಯೇ ತೀರ್ಮಾನ ಆಗಲಿ. ಕೆನಡಾದಲ್ಲಿ ಏರ್ ಕೆನಡಾದ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ರಿಯಾಯಿತಿ ಬಗ್ಗೆ ತಪ್ಪು ಹೇಳಿತ್ತು. ಚಾಟ್‌ಬಾಟ್ ಹೇಳಿದ್ದಕ್ಕೆ ನಾವು ಹೊಣೆ ಅಲ್ಲ ಅನ್ನುವ ವಾದವನ್ನು ಅಲ್ಲಿನ ನ್ಯಾಯಮಂಡಳಿ 2024ರಲ್ಲಿ ತಳ್ಳಿಹಾಕಿತು. ನಿಮ್ಮಲ್ಲೂ ಅಷ್ಟೇ. ಮೇಲ್ ಯಾರ ಹೆಸರಲ್ಲಿ ಹೋಯಿತೋ ನೋಡಬೇಕಾದವರು ಅವರು, ಹೊರಗಿನವರಿಗೆ ಉತ್ತರ ಹೇಳಬೇಕಾದವರು ಮಾಲೀಕರು. ತಾಳೆ ನೋಡಲು ಹೊತ್ತು ಕೊಡದೆ "ಬೇಗ ಕಳ್ಸಿ" ಅಂತ ತಲೆ ತಿಂದು, ಆಮೇಲೆ ತಪ್ಪನ್ನು ಕ್ಲರ್ಕ್ ಮೇಲೆ ಹಾಕುವುದು ನ್ಯಾಯ ಅಲ್ಲ.

8. ಉಳಿದ ಸಮಯ ಯಾರದು?

ನಿಜವಾಗಿ ಉಳಿಯಿತಾ ಅಂತ ಮೊದಲು ಅಳೆಯಿರಿ. 2025ರಲ್ಲಿ ಅಮೆರಿಕದ ಮೆಟರ್ ಎಂಬ ಸಂಸ್ಥೆ 16 ನುರಿತ ಸಾಫ್ಟ್‌ವೇರ್ ಡೆವಲಪರ್‌ಗಳ ಕೆಲಸವನ್ನು ಗಡಿಯಾರ ಇಟ್ಟು ನೋಡಿತು. ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಜಾಸ್ತಿ ಸಮಯ ಹಿಡಿದಿತ್ತು. ಅವರು ಮಾತ್ರ ಶೇ 20ರಷ್ಟು ಬೇಗ ಮುಗಿಸಿದೆವು ಅಂದುಕೊಂಡಿದ್ದರು! ಹಾಗಾಗಿ "ಹೇಗನ್ಸುತ್ತೆ" ಅಂತ ಕೇಳಿ ಬಿಡಬೇಡಿ. ಎರಡು ವಾರ ಎಐ ಇಲ್ಲದೆ, ಎರಡು ವಾರ ಎಐ ಜೊತೆ, ತಾಳೆ ನೋಡುವ ಹೊತ್ತನ್ನೂ ಸೇರಿಸಿ ಬರೆದಿಡಲಿ.

ಉಳಿದರೆ ಆ ಸಮಯ ಏನಾಗುತ್ತೆ ಅಂತ ಮೊದಲೇ ಹೇಳಿ. ಬೇಗ ಮುಗಿಸಿದವರ ಟೇಬಲ್ ಮೇಲೆ ಇನ್ನೊಬ್ಬರ ಫೈಲು ಬಂದು ಬಿದ್ದರೆ, ಮರುವಾರದಿಂದ ಯಾರೂ ಬೇಗ ಮುಗಿಸಲ್ಲ. ಮುಗಿದರೂ ತೋರಿಸಲ್ಲ. ಒಂದಿಷ್ಟು ಕಂಪನಿಗೆ, ಒಂದಿಷ್ಟು ಕಲಿಯೋಕೆ, ಒಂದಿಷ್ಟು ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಹೋಗೋಕೆ ಅಂತ ಹಂಚಿ. ಕಲಿಯುವ ಆಸಕ್ತಿ ಇದ್ದವರಿಗೆ ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್‌ನಲ್ಲಿ ಪುಕ್ಕಟೆ ಕೋರ್ಸುಗಳಿವೆ.

ಜನ ಕಡಿಮೆ ಮಾಡುವ ಆತುರವೂ ಬೇಡ. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರಲ್ಲಿ ತನ್ನ ಎಐ 700 ಜನರ ಕೆಲಸ ಮಾಡುತ್ತಿದೆ ಅಂತ ಹೇಳಿಕೊಂಡಿತ್ತು. 2025ರಲ್ಲಿ ಗ್ರಾಹಕರ ಜೊತೆ ಮಾತಾಡೋಕೆ ಮತ್ತೆ ಮನುಷ್ಯರನ್ನು ತೆಗೆದುಕೊಳ್ಳಲು ಶುರು ಮಾಡಿತು. ಅಷ್ಟು ದೊಡ್ಡ ಕಂಪನಿ ತಡೆದುಕೊಂಡೀತು. ಸ್ಟಾಕ್ ಎಲ್ಲಿದೆ ಅಂತ ಗೊತ್ತಿರುವ ಒಬ್ಬರೇ ಒಬ್ಬರನ್ನು ಕಳಿಸಿಬಿಟ್ಟ ಸಣ್ಣ ಕಾರ್ಖಾನೆ ಏನು ಮಾಡುತ್ತೆ?

9. ಮೂರು ತಿಂಗಳಿಗೊಮ್ಮೆ ಜರಡಿ ಹಿಡಿಯಿರಿ

ಪಟ್ಟಿ ಮತ್ತೆ ತೆಗೆಯಿರಿ. ಯಾವ ಕೆಲಸದಲ್ಲಿ ಎಐ ಉಳಿಯಿತು, ಯಾವುದರಲ್ಲಿ ಬಿಟ್ಟುಹೋಯಿತು ಅಂತ ನೋಡಿ. ಬಿಟ್ಟುಹೋದದ್ದನ್ನು ಬಲವಂತವಾಗಿ ವಾಪಸ್ ತರಬೇಡಿ. ಮೂರನೆಯ ಗುಂಪಿನಲ್ಲಿಟ್ಟ ಯಾವುದಾದರೂ ಕೆಲಸವನ್ನು ಎರಡನೆಯದಕ್ಕೆ ತರಬೇಕು ಅಂತಿದ್ದರೆ, ಆ ಕೆಲಸ ಮಾಡುವವರೇ ಕೇಳಲಿ, ಮಾಲೀಕರಲ್ಲ.

ಬೇಡವೇ ಬೇಡ ಅನ್ನುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರ ಕೆಲಸ ಚೆನ್ನಾಗಿ ನಡೆಯುತ್ತಿದ್ದರೆ ಹಾಗೇ ಬಿಡಿ. ಇನ್ನು ದುಡ್ಡು ಕೊಟ್ಟು ತೆಗೆದ ಖಾತೆಗಳಲ್ಲಿ ಯಾವುದನ್ನಾದರೂ ತಿಂಗಳಿಂದ ಯಾರೂ ತೆರೆದಿಲ್ಲ ಅಂದರೆ ನಿಲ್ಲಿಸಿ. ನಿಲ್ಲಿಸುವ ಮೊದಲು ಆ ಟೇಬಲ್ಲಿನವರನ್ನು ಯಾಕೆ ಅಂತ ಕೇಳಿ. ಇಂಟರ್ನೆಟ್ ನಿಧಾನ, ಪಾಸ್‌ವರ್ಡ್ ಮರೆತುಹೋಗಿದೆ, ಕೇಳೋಕೆ ಮುಜುಗರ ಆಯಿತು, ಇಂಥ ಉತ್ತರವೇ ಜಾಸ್ತಿ ಬರುತ್ತೆ. ಅವನ್ನೆಲ್ಲ ಅವತ್ತೇ ಸರಿ ಮಾಡಬಹುದು.